14416ರಲ್ಲಿ ನನ್ನ ಕರೆ ಸ್ವೀಕರಿಸಿದ ಮೇಡಂ ಅವರಿಗೆ

ಪಿಎಚ್‌.ಡಿ.ಯ ಐದನೆಯ ವರ್ಷ. ಫೆಲೋಶಿಪ್ ಹಣ ತಿಂಗಳುಗಳಿಂದ ಬಂದಿರಲಿಲ್ಲ, ಸಂಶೋಧನಾ ಪ್ರಬಂಧ ಮತ್ತೆ ತಿರಸ್ಕೃತವಾಗಿತ್ತು, ಬೆಳೆಸಿದ್ದ ಜೀವಕೋಶಗಳಿಗೆ ಶಿಲೀಂಧ್ರ ತಗುಲಿತ್ತು. ಬೆಂಗಳೂರಿನ ಪ್ರಯೋಗಾಲಯದಲ್ಲಿ ಆ ರಾತ್ರಿ ಒಬ್ಬಳೇ ಇದ್ದೆ. ಕೈನಡುಕ ನಿಲ್ಲಲೇ ಇಲ್ಲ. ಊರಿಗೆ ಫೋನ್ ಮಾಡಿದರೆ ಅಮ್ಮ ಹೆದರುತ್ತಾಳೆ. ಮಾರ್ಗದರ್ಶಕರಿಗೆ ಹೇಳಿದರೆ ‘ಇವಳಿಂದ ಆಗದು’ ಎಂದುಕೊಂಡಾರು ಎಂಬ ಭಯ. ಹಾಸ್ಟೆಲ್ ಫಲಕದಲ್ಲಿ ಕಂಡಿದ್ದ, ಟೆಲಿ-ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416 ಒತ್ತಿದೆ.

ಕನ್ನಡ ಆರಿಸಿಕೊಂಡೆ, ನೀವು ಸಿಕ್ಕಿದಿರಿ. ಮೊದಲಿಗೆ ನಾನು ಅತ್ತದ್ದಷ್ಟೇ. ನೀವು ಅವಸರಪಡಿಸಲಿಲ್ಲ, ಆಗಾಗ ‘ಇಲ್ಲೇ ಇದ್ದೇನೆ, ನಿಧಾನವಾಗಿ ಹೇಳಿ’ ಎನ್ನುತ್ತಿದ್ದಿರಿ. ಆಮೇಲೆ ಸುತ್ತುಬಳಸದೆ ‘ಸಾಯಬೇಕು ಎನಿಸುತ್ತಿದೆಯೇ?’ ಎಂದು ಕೇಳಿದಿರಿ. ಅದುವರೆಗೆ ಯಾರೂ ಕೇಳಿರದ ಪ್ರಶ್ನೆ. ‘ಕೆಲವೊಮ್ಮೆ’ ಎಂದೆ. ಎದೆಯ ಮೇಲಿನ ಚಪ್ಪಡಿ ಸರಿದಂತಾಯಿತು. ಊಟ ಆಯಿತೇ, ಹತ್ತಿರದಲ್ಲಿ ಯಾರಿದ್ದಾರೆ ಎಂದು ವಿಚಾರಿಸಿದಿರಿ. ಹಾಸ್ಟೆಲಿನಿಂದ ಗೆಳತಿ ಬಂದು ಪಕ್ಕದಲ್ಲಿ ಕೂರುವವರೆಗೂ ಫೋನ್ ಇಡಲಿಲ್ಲ. ಅಲ್ಲಿಯವರೆಗೆ ಜೀವಕೋಶಗಳನ್ನು ಬೆಳೆಸುವುದು ಹೇಗೆ ಎಂದು ನನ್ನಿಂದ ಕೇಳಿ ತಿಳಿದುಕೊಂಡಿರಿ! ಬಹಳ ಕಾಲದ ನಂತರ ನನ್ನ ಕೆಲಸದ ಬಗ್ಗೆ ನಾಚಿಕೆಯಿಲ್ಲದೆ ಮಾತನಾಡಿದೆ.

‘ಎಲ್ಲ ಸರಿಹೋಗುತ್ತದೆ’ ಎಂಬ ಮಾತನ್ನು ನೀವು ಒಮ್ಮೆಯೂ ಆಡಲಿಲ್ಲ. ಮನೋವೈದ್ಯರ ಜೊತೆ ಮಾತನಾಡಿಸಿದಿರಿ. ಕೆಲವು ದಿನಗಳ ಬಳಿಕ ಬಂದ ಕರೆಯಲ್ಲಿಯೂ ಮೊದಲ ಪ್ರಶ್ನೆ ‘ನಿದ್ದೆ ಬರುತ್ತಿದೆಯೇ?’ ಎಂದಿತ್ತು.

2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆ ಹಗಲಿರುಳೂ ಉಚಿತ. ನನ್ನಂಥ ಸಂಶೋಧನಾ ವಿದ್ಯಾರ್ಥಿಗಳಿಗೆ ಇದು ಗೊತ್ತಿರಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ. ಈಗ ಚಿಕಿತ್ಸೆ ಪಡೆಯುತ್ತಿದ್ದೇನೆ, ನಿದ್ದೆ ಬರುತ್ತಿದೆ. ನಿಮಗೆ ಧನ್ಯವಾದಗಳು, ಮೇಡಂ.