ಭಾನುವಾರದ ಬರವಣಿಗೆ ಕೂಟ: ಜಾಗ ಬದಲು

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಕೂಟ. ಗ್ರಂಥಾಲಯದ ಮಾಡು ಸೋರುತ್ತಿದೆ, ಹಾಗಾಗಿ ಪಕ್ಕದ ಶಾಲೆಯಲ್ಲಿ ಸೇರೋಣ. ಮಡಿಕೇರಿಯವರಿಗೆ ತೊಂದರೆಯಿಲ್ಲ, ಮಕ್ಕಂದೂರು, ಮಾದಾಪುರದ ಕಡೆಯವರು ಮಳೆ ನೋಡಿಕೊಂಡು ಹೊರಡಿ. ಬರಲಾಗದಿದ್ದರೆ ಬರೆದ ಪುಟದ ಫೋಟೊ ನನಗೆ ಕಳುಹಿಸಿದರೆ ಸಾಕು.

ಈ ಸಲದ ವಿಷಯ 2018ರ ಆಗಸ್ಟ್. ಗುಡ್ಡ ಜರಿದ ದಿನಗಳನ್ನು ಮತ್ತೆ ಕೆದಕುವುದೇಕೆ ಎಂದು ಇಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಕಳೆದ ತಿಂಗಳು ನಮ್ಮ ಹಿರಿಯರೊಬ್ಬರು ಓದಿದ್ದು ಒಂದೇ ಪುಟ: ಪರಿಹಾರ ಕೇಂದ್ರದಲ್ಲಿ ಕೂತಿದ್ದಾಗ ಸೆರಗಿನ ಗಂಟಿನಲ್ಲಿ ಬೀಗದ ಕೈ ಸಿಕ್ಕಿತ್ತು, ಅದು ತೆರೆಯಬೇಕಾದ ಮನೆಯೇ ಇರಲಿಲ್ಲ. "ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ" ಎಂದು ನಕ್ಕು, ಎರಡನೆಯ ಲೋಟ ಕಾಫಿ ಕೇಳಿದರು.

ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ 4 ದಿನ ತಮ್ಮ ನೋವನ್ನು ಬರೆದಿದ್ದರು. ನಾವೂ ಅದೇ ಲೆಕ್ಕ ಹಿಡಿಯೋಣ. ಗುರುವಾರದಿಂದ ಶುರುಮಾಡಿ, ಕೊನೆಯ ದಿನದ್ದು ಕೂಟದಲ್ಲೇ ಆಗಲಿ. ಒಂದು ವಸ್ತುವಿನಿಂದ ಆರಂಭಿಸಿ, ಪೆನ್ನು ಎತ್ತಬೇಡಿ, ಕಾಗುಣಿತ ನೋಡಬೇಡಿ (ನಿವೃತ್ತ ಮೇಷ್ಟ್ರುಗಳು ಕೆಂಪು ಪೆನ್ನು ಮನೆಯಲ್ಲೇ ಬಿಟ್ಟು ಬನ್ನಿ). ತೀರಾ ಸಂಕಟವಾದರೆ ನಿಲ್ಲಿಸಿ, ಬೇರೇನಾದರೂ ಬರೆಯಿರಿ. ಎಲ್ಲರೂ ಓದಲೇಬೇಕೆಂಬ ಒತ್ತಾಯವಿಲ್ಲ.

ಇಲ್ಲಿ ಬಂದ ಬರಹವನ್ನು ಯಾರೂ ಬೇರೆ ಗುಂಪುಗಳಿಗೆ ಕಳುಹಿಸಬಾರದು. ಇದೊಂದರಲ್ಲಿ ಮಾತ್ರ ನಾನು ಕಟ್ಟುನಿಟ್ಟು.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ಹೆಸರು ಹಾಕಿ. ಕಡುಬು ಎಷ್ಟು ಬೇಯಿಸಬೇಕೆಂದು ಗೊತ್ತಾಗಬೇಕು.