ಗಾಣದ ಕಲ್ಲನ್ನ ಮೋರಿಯಿಂದ ಎತ್ತಿಸಿ ಸಾರ್: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಾನು ಕೋಲಾರ ಜಿಲ್ಲೆಯ ಒಬ್ಬ ರೈತ. ನಮ್ಮೂರಿನ ಎಣ್ಣೆ ತೆಗೆಯೋ ಹಳೇ ಕಲ್ಲುಗಾಣ ಎರಡು ವರ್ಷದಿಂದ ಮೋರಿಲಿ ಬಿದ್ದಿದೆ, ಅದನ್ನ ಎತ್ತಿಸ್ಕೊಡಿ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಈಗ ಎಲ್ಲರೂ ಓದೋ ಹಾಗೆ ಬರೀತಿದೀನಿ.

ಅವತ್ತು ನಾನು ಟೊಮೆಟೊ ಹಾಕ್ಕೊಂಡು ಮಂಡಿಗೆ ಹೋಗಿದ್ದೆ. ಮಧ್ಯಾಹ್ನ ಬಂದು ನೋಡಿದ್ರೆ ಅರಳಿಕಟ್ಟೆ ಪಕ್ಕ ಗಾಣ ಇಲ್ಲ. ಸಿಸಿ ರೋಡಿಗೆ ಅಂತ ಬಂದ ಜೆಸಿಬಿ ಅದನ್ನ ತಳ್ಳಿ ಮೋರಿಗೆ ಉರುಳಿಸಿತ್ತು. ಬಾಯಂಚು ಒಂದು ಮೊಳ ಒಡೆದೋಗಿತ್ತು, ಒಡೆದ ಜಾಗ ಬೆಳ್ಳಗೆ, ಮಿಕ್ಕಿದ್ದೆಲ್ಲ ಎಣ್ಣೆ ಕುಡಿದು ಕರ್ರಗೆ. ಆ ಚೂರಲ್ಲೇ ಸಾರ್ ಹಳೇ ಅಕ್ಷರ ನಾಲ್ಕೈದು ಇದ್ದಿದ್ದು. ಅದನ್ನ ಸೈಜುಗಲ್ಲಿನ ಜೊತೆ ಸೇರಿಸಿ ಮೋರಿ ಗೋಡೆಗೆ ಸಿಮೆಂಟ್ ಹಾಕ್ಬಿಟ್ರು. ಕೇಳಿದ್ರೆ ಕಾಂಟ್ರಾಕ್ಟರ್ ಕಡೆ ಹುಡುಗ "ಹಳೇ ಕಲ್ಲು ತಾನೇ ಬಿಡಣ್ಣ" ಅಂದ. ಅವತ್ತು ರಾತ್ರಿ ಊಟ ಸೇರಲಿಲ್ಲ ನಂಗೆ.

ನಮ್ಮಜ್ಜಿ ಅದನ್ನ ಗಾನುಗ ಅಂತಿದ್ರು, ಮನೇಲಿ ತೆಲುಗು ನಮ್ದು. ಎತ್ತು ಸುತ್ತು ಹೊಡೀತಾ ಇದ್ರೆ ಮರದ ದಿಂಡು ಕಲ್ಲಿನ ಗುಂಡಿಯೊಳಗೆ ತಿರುಗಿ ಹುಚ್ಚೆಳ್ಳು, ಕಡ್ಲೆಕಾಯಿ ಬೀಜ ಅರೆದು ಎಣ್ಣೆ ಇಳೀತಿತ್ತಂತೆ, ಹಿಂಡಿ ದನಕ್ಕೆ, ಹೊಂಗೆಣ್ಣೆ ದೀಪಕ್ಕೆ.

ಹಾಲೆಂಡಿನ ಕಿಂಡರ್‌ಡೈಕ್ ಅನ್ನೋ ಕಡೆ 19 ಗಾಳಿಗಿರಣಿ ಇವೆ, 1997ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ವು, ನನ್ನ ಮಗ ಮೊಬೈಲಲ್ಲಿ ತೋರಿಸ್ದ. ಅವರಿಗೆ ಆ ಗಿರಣಿ ಹೆಂಗೋ ನಮಗೆ ಈ ಗಾಣ ಹಂಗೆ. ನಮ್ಮ ಪಾಲಾರ್, ಪಿನಾಕಿನಿ ಮಳೆ ಬಂದ್ರೆ ಉಂಟು ಇಲ್ಲಾಂದ್ರೆ ಇಲ್ಲ, ನೀರು ನಂಬ್ಕೊಂಡು ಗಿರಣಿ ತಿರುಗಿಸೋ ಸೀಮೆ ಅಲ್ಲ ನಮ್ದು, ಇಲ್ಲಿ ತಿರುಗಿಸಿದ್ದು ಎತ್ತು. ದೇವಸ್ಥಾನದ ದೀಪದೆಣ್ಣೆಗೆ ಅಂತ ಗಾಣ ದಾನ ಕೊಟ್ಟಿದ್ದು, ಗಾಣಕ್ಕೆ ಸುಂಕ ಹಾಕಿದ್ದು ಎಲ್ಲ ಕನ್ನಡ ಶಾಸನಗಳಲ್ಲೇ ಇದೆ. ಶಾಸನ ತಜ್ಞ ಬಿ.ಎಲ್. ರೈಸ್ ಅವರು ಕೋಲಾರ ಜಿಲ್ಲೆ ಶಾಸನಗಳನ್ನ 1905ರಲ್ಲೇ ಅಚ್ಚು ಹಾಕ್ಸಿದ್ರು. ಬ್ರಿಟಿಷರ ಕಾಲದಲ್ಲಿ ಊರೂರಿಗೆ ಹೋಗಿ ಕಲ್ಲು ಓದಿದ್ರು ಸಾರ್, ನಾವು ಈಗ ಅಂಥ ಕಲ್ಲನ್ನೇ ಮೋರಿಗೆ ಹಾಕ್ತಿದೀವಿ.

ಹಳೇ ಸ್ಮಾರಕ ಕಾಪಾಡೋಕೆ ಅಂತ ನಮ್ಮ ರಾಜ್ಯದಲ್ಲಿರೋ 1961ರ ಸ್ಮಾರಕಗಳ ಕಾಯ್ದೆ ನಿಮಗೆ ಗೊತ್ತೇ ಇರುತ್ತೆ. ನಾನು ಏಳು ಸಲ ಆಫೀಸಿಗೆ ಅಲೆದಿದೀನಿ, ಹೋದಾಗೆಲ್ಲ ಒಂದು ದಿನದ ಕೆಲಸ ಹಾಳು, ಬಸ್ ಚಾರ್ಜು ಬೇರೆ, ಮೊಣಕಾಲು ನೋವಲ್ಲಿ ಮಹಡಿ ಹತ್ತಿ ಹೋದ್ರೆ ಸಾಹೇಬ್ರು ಮೀಟಿಂಗಲ್ಲಿ. ಒಂದ್ಸಲ ನನ್ನ ಅರ್ಜೀನೇ ಕಳೆದೋಗಿದೆ, ಹೊಸದು ಬರ್ಕೊಂಡು ಬನ್ನಿ ಅಂದ್ರು. ಬರ್ದೆ. ಅದಕ್ಕೂ ಉತ್ತರ ಇಲ್ಲ.

ಗಾಣ ಎತ್ತಿಸಿ ಸಾರ್. ಗೋಡೇಲಿರೋ ಚೂರನ್ನ ಹುಷಾರಾಗಿ ಬಿಡಿಸಿ, ಶಾಸನ ಓದೋರನ್ನ ಒಂದ್ಸಲ ಕಳ್ಸಿ, ಅರಳಿಕಟ್ಟೆ ಹತ್ರಾನೇ ನಿಲ್ಲಿಸ್ಕೊಡಿ. ಜೆಸಿಬಿ ಬಾಡಿಗೆ ಊರೋರೇ ಹಾಕ್ತೀವಿ, ದುಡ್ಡು ಕೇಳ್ತಿಲ್ಲ. ಮೋರಿ ಗೋಡೆ ಬಿಚ್ಚೋಕೆ ಪರ್ಮಿಷನ್ ಕೊಡ್ಸಿ ಸಾಕು, ಮಳೆ ಶುರುವಾಗಿ ಆ ಗೋಡೆ ಮೇಲೆ ಕೆಸರು ಕೂರೋ ಮುಂಚೆ.

ಇತಿ,
ನಿಮ್ಮ ಕ್ಷೇತ್ರದ ಮತದಾರ