ಎಳನೀರು ಎಲ್ಲರಿಗೂ ಅಲ್ಲ, ಪಥ್ಯದ ಚೀಟಿ ನಮ್ಮ ಭಾಷೆಯಲ್ಲಿ ಕೊಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಎಳನೀರಿನ ಬಗ್ಗೆ ಬಂದ ಬರಹ ಓದಿದೆ. ದಿನಕ್ಕೊಂದು ಕುಡಿದರೆ ಕಿಡ್ನಿ ತೊಳೆದ ಹಾಗೆ ಎಂದು ಅದರಲ್ಲಿತ್ತು. ಕಿಡ್ನಿ ಸರಿ ಇದ್ದವರು ಕುಡಿಯಲಿ, ಬೇಡ ಅನ್ನುವುದಿಲ್ಲ. ಆದರೆ ಕಿಡ್ನಿ ಸೋತವರ ಮನೆಯಲ್ಲಿ ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡರೆ ಏನಾಗುತ್ತದೆ ಅಂತ ನಮಗೆ ಗೊತ್ತು. ನಮ್ಮ ಮನೆಯಲ್ಲಿ ಅದೇ ಆಗಿದೆ.

ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ಅಪ್ಪನಿಗೆ 71 ವರ್ಷ. ಸಕ್ಕರೆ ಕಾಯಿಲೆ ಹಳೆಯದು, ಕಿಡ್ನಿ ಸೋತಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರುತ್ತಾ ಹೋಗಿ ಮೂರು ವರ್ಷದ ಹಿಂದೆ ಕಿಡ್ನಿ ಕಾಯಿಲೆಯ ನಾಲ್ಕನೇ ಹಂತ ಅಂದರು. ತೋಟದ ಮನೆ, ಎಳನೀರಿಗೆ ಬರವಿಲ್ಲ. ಆ ಬೇಸಿಗೆಯಲ್ಲಿ ನೋಡಲು ಬಂದವರೆಲ್ಲ ತಂಪಾಗುತ್ತದೆ, ಕುಡಿಯಿರಿ ಅಂದರು, ಅಪ್ಪ ಬೆಳಿಗ್ಗೆ ಒಂದು ಸಂಜೆ ಒಂದು ಕುಡಿದರು, ನಾನೇ ಕೆತ್ತಿ ಕೊಟ್ಟೆ. ಎರಡನೇ ವಾರಕ್ಕೆ ಮೆಟ್ಟಿಲಿಗೆ ಕಾಲು ಎತ್ತಲು ಆಗದಷ್ಟು ನಿಶ್ಶಕ್ತಿ. ರಕ್ತ ನೋಡಿಸಿದಾಗ ಪೊಟ್ಯಾಸಿಯಂ 6.7. ಸುಮಾರು 5ರ ಒಳಗೆ ಇರಬೇಕಾದದ್ದು. ಒಂದು ದೊಡ್ಡ ಎಳನೀರಿನಲ್ಲಿ 600 ಮಿಲಿಗ್ರಾಂ ಆಸುಪಾಸು ಪೊಟ್ಯಾಸಿಯಂ ಇರುತ್ತದಂತೆ, ಒಳ್ಳೆಯ ಕಿಡ್ನಿ ಬೇಡದ್ದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ, ಸೋತ ಕಿಡ್ನಿಗೆ ಅದು ಆಗುವುದಿಲ್ಲ, ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನೇ ತಪ್ಪಿಸುತ್ತದೆ. ಇದನ್ನು ನಾವು ತಿಳಿದದ್ದು ಐಸಿಯು ಹೊರಗಿನ ಬೆಂಚಿನಲ್ಲಿ ಕೂತು.

ಡಿಸ್ಚಾರ್ಜ್ ಆಗುವಾಗ ಪಥ್ಯದ ಚೀಟಿ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ಫುಲ್ಕಾ, ಲೌಕಿ, ತುರಾಯಿ, ಪರ್ವಲ್. ಲೌಕಿ ಅಂದರೆ ಸೋರೆಕಾಯಿ ಅಂತ ಮಗಳು ಮೊಬೈಲಿನಲ್ಲಿ ಹುಡುಕಿ ಹೇಳಿದಳು. ಪರ್ವಲ್ ಎಂಬುದನ್ನು ನಮ್ಮ ಸಂತೆಯಲ್ಲಿ ಇವತ್ತಿನವರೆಗೆ ನಾನು ನೋಡಿಲ್ಲ! ಆಮೇಲೆ ಗಡಿಯ ಈಚೆ, ಕೇರಳದ ಆಸ್ಪತ್ರೆಯೊಂದರಲ್ಲಿ ಇನ್ನೊಂದು ಚೀಟಿ ಸಿಕ್ಕಿತು, ಅದು ಮಲಯಾಳದಲ್ಲಿ. ನನಗೆ ಮಾತು ಬರುತ್ತದೆ, ಓದಲು ಬರುವುದಿಲ್ಲ. ಅಮ್ಮನಿಗೆ ಎರಡೂ ಬರುವುದಿಲ್ಲ, ಅಡುಗೆ ಮಾಡುವವಳು ಅಮ್ಮ.

ಎರಡೂ ಚೀಟಿಗಳಲ್ಲಿ ನಾವು ತಿನ್ನುವುದು ಯಾವುದೂ ಇರಲಿಲ್ಲ. ಕುಚ್ಚಲಕ್ಕಿ ಗಂಜಿ, ಬಸಳೆ, ಹರಿವೆ, ಉಪ್ಪು ಸೊಳೆ, ಮಾವಿನಮಿಡಿ, ಒಣಮೀನು, ಇವುಗಳ ಕತೆ ಏನು? ಬಾಳೆದಂಡು ಕಿಡ್ನಿಗೆ ಒಳ್ಳೆಯದು ಅಂತ ಊರೆಲ್ಲ ಹೇಳುತ್ತದೆ, ಅದು ಕಿಡ್ನಿ ಕಲ್ಲಿನವರಿಗೆ ಹೇಳುವ ಮಾತು, ಕಿಡ್ನಿ ಸೋತವರದ್ದು ಬೇರೆಯೇ ಕಾಯಿಲೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ.

ಎಲ್ಲಕ್ಕಿಂತ ನನಗೆ ಹೆದರಿಕೆ ಆದದ್ದು ದಾರೆಹುಳಿಯ ವಿಷಯ. ಅಡ್ಡ ಕೊಯ್ದರೆ ನಕ್ಷತ್ರದ ಹಾಗೆ ಕಾಣುತ್ತದಲ್ಲ, ಅದೇ. ನಮ್ಮ ಬಾವಿಕಟ್ಟೆಯ ಹತ್ತಿರ ಮರವಿದೆ, ಗೊಜ್ಜು, ಉಪ್ಪಿನಕಾಯಿ, ಶರಬತ್ತು ಎಲ್ಲ ಆಗುತ್ತದೆ. ಅದರಲ್ಲಿ ನರಕ್ಕೆ ತಾಗುವ ಒಂದು ವಿಷ ಇದೆ. 2013ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಅದನ್ನು ಗುರುತಿಸಿ ಕ್ಯಾರಂಬಾಕ್ಸಿನ್ ಅಂತ ಹೆಸರಿಟ್ಟರು. ಕಿಡ್ನಿ ಸರಿ ಇದ್ದರೆ ಅದು ಹೊರಗೆ ಹೋಗುತ್ತದೆ. ಇಲ್ಲದವರಿಗೆ ಮೊದಲು ಬಿಕ್ಕಳಿಕೆ ಶುರುವಾಗುತ್ತದೆ, ನಿಲ್ಲುವುದೇ ಇಲ್ಲ, ಆಮೇಲೆ ಮಂಕು, ಫಿಟ್ಸ್, ಜೀವ ಹೋದದ್ದೂ ಇದೆ. ಅಪ್ಪ ಆ ಗೊಜ್ಜನ್ನು ಎಷ್ಟು ಸಲ ತಿಂದಿದ್ದರೋ. ಬಿಂಬುಳಿ ಎಂಬ ಹುಳಿಕಾಯಿಯದ್ದು ಇನ್ನೊಂದು ಕತೆ. ಅದರಲ್ಲಿ ಕಿಡ್ನಿಗೆ ತಾಗುವ ಆಕ್ಸಲೇಟ್ ಜಾಸ್ತಿ. ಕೊಲೆಸ್ಟರಾಲ್ ಇಳಿಯುತ್ತದೆ ಅಂತ ರಸ ಹಿಂಡಿ ಕುಡಿದು, ಸರಿ ಇದ್ದ ಕಿಡ್ನಿಯನ್ನೇ ಕೆಡಿಸಿಕೊಂಡವರು ಕೇರಳದಲ್ಲೇ ಇದ್ದಾರೆ.

ಉಪ್ಪಿನ ವಿಷಯ ಎಲ್ಲರೂ ಹೇಳುತ್ತಾರೆ, ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ. ಮಿಡಿ ಉಪ್ಪಿನಕಾಯಿ ಇದ್ದ ಮನೆಯಲ್ಲಿ ಅದು ಎಷ್ಟು ಕಷ್ಟ ಅಂತ ಹೇಳಬೇಕಾಗಿಲ್ಲ. ಆದರೆ ಅಂಗಡಿಯಲ್ಲಿ ಸಿಗುವ 'ಕಡಿಮೆ ಸೋಡಿಯಂ' ಉಪ್ಪು ತಂದು ಜಾಣರಾಗಲು ಹೋಗಬೇಡಿ, ಸೋಡಿಯಂ ಬದಲು ಅದರಲ್ಲಿ ಹಾಕಿರುವುದು ಪೊಟ್ಯಾಸಿಯಂ.

ಕಳೆದ ವರ್ಷ ಡಯಾಲಿಸಿಸ್ ಶುರುವಾಯಿತು, ವಾರಕ್ಕೆ ಮೂರು ಸಲ. ಅಲ್ಲಿ ನಮ್ಮ ಎರಡನೇ ತಪ್ಪು. ಅಲ್ಲಿಯವರೆಗೆ ಪ್ರೊಟೀನ್ ಕಡಿಮೆ ಮಾಡಿ ಅಂದಿದ್ದರು, ದಿನಕ್ಕೆ ದೇಹದ ತೂಕದ ಒಂದು ಕಿಲೋಗೆ 0.6ರಿಂದ 0.8 ಗ್ರಾಂ ಲೆಕ್ಕ. ಅಮ್ಮ ಅದನ್ನು ವ್ರತದ ಹಾಗೆ ಪಾಲಿಸಿದ್ದಳು, ಬೇಳೆ ಇಲ್ಲ, ಮೀನು ಇಲ್ಲ. ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ತಿರುಗುತ್ತದೆ, ಪ್ರತಿ ಸಲ ರಕ್ತ ಶುದ್ಧಿ ಮಾಡುವಾಗ ಪ್ರೊಟೀನಿನ ಅಂಶವೂ ಹೋಗುವುದರಿಂದ ಕಿಲೋಗೆ 1ರಿಂದ 1.2 ಗ್ರಾಂ ಬೇಕು. ನಮಗೆ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ, ಅದೂ ನಿಜ. ಐದು ತಿಂಗಳು ಅಪ್ಪ ಹಳೆಯ ಪಥ್ಯದಲ್ಲೇ ಇದ್ದರು. ಮೈಯಲ್ಲಿ ಮಾಂಸ ಹೋಯಿತು, ರಕ್ತದಲ್ಲಿರುವ ಅಲ್ಬುಮಿನ್ ಎಂಬ ಪ್ರೊಟೀನ್ 2.9ಕ್ಕೆ ಇಳಿಯಿತು, ಕಾಯಿಲೆಯೇ ಹೀಗೆ ಅಂತ ನಾವು ಸುಮ್ನಿದ್ದೆವು.

ಕೊನೆಗೆ ಮಂಗಳೂರಿನಲ್ಲಿ ಕಿಡ್ನಿ ರೋಗಿಗಳನ್ನೇ ನೋಡುವ ಒಬ್ಬ ಡಯಟೀಷಿಯನ್ ಸಿಕ್ಕಿದರು. ಅವರು ಪುಸ್ತಕ ತೆಗೆಯಲಿಲ್ಲ. ಮೂರು ದಿನ ಏನೇನು ತಿಂದಿರಿ ಬರೆದು ತನ್ನಿ, ಈ ತಿಂಗಳ ರಕ್ತದ ರಿಪೋರ್ಟ್ ತನ್ನಿ ಅಂದರು. ಆಮೇಲೆ ಅಮ್ಮನನ್ನು ಕೂರಿಸಿ ತುಳುವಿನಲ್ಲಿ ಕೇಳಿದರು, ಗಂಜಿಗೆ ನೀರು ಎಷ್ಟು ಇಡುತ್ತೀರಿ ಅಂತ. ಡಯಾಲಿಸಿಸ್‌ನವರು ಕುಡಿಯುವ ನೀರಿಗೂ ಮಿತಿ ಇದೆ, ಗಂಜಿಯೂ ಆ ಲೆಕ್ಕಕ್ಕೆ ಸೇರುತ್ತದೆ, ಬಸಿದು ಅನ್ನ ಕೊಡಿ ಅಂದರು. ಅನ್ನ ಬಸಿಯುವ ಹಾಗೆಯೇ ತರಕಾರಿಯನ್ನೂ ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಕುದಿಸಿ, ಆ ನೀರು ಚೆಲ್ಲಿ, ಆಮೇಲೆ ಒಗ್ಗರಣೆ ಹಾಕಿ, ಪೊಟ್ಯಾಸಿಯಂ ಸುಮಾರು ಇಳಿಯುತ್ತದೆ ಅಂದರು. ಬರೀ ನೆನೆಸಿಟ್ಟರೆ ಅಷ್ಟು ಹೋಗುವುದಿಲ್ಲವಂತೆ. ಮೊಟ್ಟೆಯ ಬಿಳಿ ದಿನಾ, ಮೀನು ಎರಡು ತುಂಡು, ಕೋಲಾ ಮತ್ತು ಪ್ಯಾಕೆಟ್ ತಿಂಡಿ ಬೇಡ, ಅದರಲ್ಲಿ ಹಾಕುವ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ, ಸೋತ ಕಿಡ್ನಿಗೆ ಅದನ್ನೂ ಹೊರಗೆ ಹಾಕಲು ಆಗುವುದಿಲ್ಲ. ಇದು ಅಪ್ಪನ ಲೆಕ್ಕ. ನಿಮ್ಮ ಮನೆಯವರದ್ದು ಅವರ ರಿಪೋರ್ಟ್ ನೋಡಿಯೇ ಹೇಳಬೇಕು, ನಮ್ಮದನ್ನು ನಕಲು ಮಾಡಬೇಡಿ. ಅಪ್ಪ ಆರು ವಾರದಲ್ಲಿ ತಾವೇ ನಡೆದು ತೋಟದ ಗೇಟಿನವರೆಗೆ ಹೋದರು.

ಹುಡುಕುವವರಿಗೆ ಒಂದು ಮಾತು. ಬೋರ್ಡಿನಲ್ಲಿ ಡಯಟೀಷಿಯನ್ ಅಂತ ಇದ್ದರೆ ಸಾಲದು. ಮೊದಲು ನಿಮ್ಮ ಕಿಡ್ನಿ ಡಾಕ್ಟರನ್ನೇ ಕೇಳಿ. ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ನಿನ ಆರ್‌ಡಿ, ಅಂದರೆ ರಿಜಿಸ್ಟರ್ಡ್ ಡಯಟೀಷಿಯನ್ ನೋಂದಣಿ ಇದೆಯಾ, ಡಯಾಲಿಸಿಸ್ ರೋಗಿಗಳನ್ನು ನೋಡುತ್ತಾರಾ, ಎರಡನೇ ಸಲ ಫೋನಿನಲ್ಲಿ ಮಾತಾಡುತ್ತಾರಾ, ಇಷ್ಟು ಕೇಳಿ. ರಿಪೋರ್ಟ್ ನೋಡದೆ ಚೀಟಿ ಕೊಟ್ಟರೆ ಎದ್ದು ಬನ್ನಿ.

ಆದರೆ ಎಲ್ಲರೂ ಮಂಗಳೂರಿಗೆ ಹೋಗಲು ಆಗುತ್ತದಾ? ಡಯಾಲಿಸಿಸ್ ಇಲ್ಲದ ದಿನವೂ ಕಾರು ಮಾಡಿಕೊಂಡು ಕುಂಬಳೆ, ತಲಪಾಡಿ ದಾಟಿ ಹೋಗಬೇಕು. 2020ರ ಮಾರ್ಚಿನಲ್ಲಿ ಕೊರೊನಾ ಅಂತ ತಲಪಾಡಿಯ ಗಡಿ ಮುಚ್ಚಿದಾಗ ನಮ್ಮ ಜಿಲ್ಲೆಯ ರೋಗಿಗಳ ಪಾಡು ಏನಾಯಿತು ಅಂತ ಯಾರೂ ಮರೆತಿಲ್ಲ. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ದೊಡ್ಡದೆಲ್ಲ ಯಾವಾಗ ಬೇಕಾದರೂ ಬರಲಿ. ನಮ್ಮ ಡಯಾಲಿಸಿಸ್ ಸೆಂಟರುಗಳಿಗೆ ವಾರಕ್ಕೆ ಒಂದು ದಿನ ಒಬ್ಬ ಡಯಟೀಷಿಯನ್ ಬರುವ ಹಾಗೆ ಮಾಡಿ, ಕನ್ನಡದಲ್ಲಿ ಒಂದು ಚೀಟಿ ಅಚ್ಚು ಹಾಕಿಸಿ, ಅದರಲ್ಲಿ ದಾರೆಹುಳಿಯ ಹೆಸರು ಇರಲಿ. ಸರಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಭಾಷಾ ಕಾಯ್ದೆಯೇ ನಮಗೆ ಕೊಟ್ಟಿತು. ಅರ್ಜಿಗೆ ಕನ್ನಡ ಆಗುತ್ತದೆ ಅಂದರೆ ಪಥ್ಯಕ್ಕೂ ಆಗಬೇಕು, ಅಲ್ವಾ?

ಮತ್ತೆ ನಿಮ್ಮಲ್ಲೂ ಒಂದು ವಿನಂತಿ ಇದೆ. ಎಳನೀರಿನ ಬರಹಕ್ಕೆ ತಿದ್ದುಪಡಿ ಹಾಕಿ, ಕಿಡ್ನಿ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳದೆ ಕುಡಿಯಬಾರದು ಅಂತ. ಅದೇ ಪುಟದಲ್ಲಿ, ಅದೇ ದೊಡ್ಡ ಅಕ್ಷರದಲ್ಲಿ.

ಓದುಗ, ಬದಿಯಡ್ಕ